ಸನ್ನಿ ಇಳಿದ ಮೇಲಿನ ಪ್ರಶ್ನೆ

ಮೊದಲ ತಿಂಗಳು ಮುಗಿದಾಗ ಮನೆಗಳಿಂದ ನನಗೆ ಒಂದೇ ಒಂದು ಪ್ರಶ್ನೆಯೂ ಸಿಕ್ಕಿರಲಿಲ್ಲ. ಆಸ್ಪತ್ರೆಗಳಿಂದ ಸಿಕ್ಕಿದ್ದವು. ನರ್ಸ್‌ಗಳು ಬರೆದುಕೊಟ್ಟಿದ್ದರು, ಮೂಳೆ ವೈದ್ಯರೊಬ್ಬರು ಫೋನಿನಲ್ಲೇ ಹೇಳಿ ಬರೆಸಿದ್ದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಮನೆಗಳಿಂದ ಮಾತ್ರ ಏನೂ ಇಲ್ಲ. ವಾರಕ್ಕೊಮ್ಮೆ ಬೆಂಗಳೂರಿನ ತಂಡದವರು ಕಂಪ್ಯೂಟರ್ ಪರದೆಯ ಮೇಲೆ ಸೇರುತ್ತಿದ್ದರು. ನನ್ನ ಸರದಿ ಬಂದಾಗ "ಇನ್ನೂ ಓಡಾಡ್ತಿದ್ದೀನಿ" ಎನ್ನುತ್ತಿದ್ದೆ. "ಓಕೆ ಸಿಸ್ಟರ್" ಎಂದು ಮುಂದಿನವರ ಕಡೆ ತಿರುಗುತ್ತಿದ್ದರು.

ಕೆಲಸ ಹೀಗಿತ್ತು. ವಯಸ್ಸಾದವರಿಗೆ ಜ್ವರ ಬಂದಾಗ, ಆಪರೇಷನ್ ಆದಾಗ, ಮೂತ್ರದ ಸೋಂಕು ತಗುಲಿದಾಗ, ಕೆಲವೊಮ್ಮೆ ಹೊಸ ಮಾತ್ರೆ ಶುರು ಮಾಡಿದಾಗಲೂ ಇದ್ದಕ್ಕಿದ್ದಂತೆ ಬುದ್ಧಿ ಕದಡಿಹೋಗುತ್ತದೆ. ಬೆಳಿಗ್ಗೆ ಸರಿಯಾಗಿದ್ದವರು ಸಂಜೆಗೆ ಮಗಳನ್ನೇ ಗುರುತಿಸುವುದಿಲ್ಲ. ಕೆಲವರು ಕೂಗಾಡುತ್ತಾರೆ, ಎದ್ದು ಓಡಲು ನೋಡುತ್ತಾರೆ. ಇನ್ನು ಕೆಲವರು ಮಂಕಾಗಿ ಗೋಡೆ ನೋಡುತ್ತ ಮಲಗಿಬಿಡುತ್ತಾರೆ. ಅಂಥವರನ್ನು ಯಾರೂ ಗಮನಿಸುವುದೇ ಇಲ್ಲ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ವರ್ಷಗಟ್ಟಲೆ ನಿಧಾನವಾಗಿ ಆವರಿಸುವ ಮರೆವಿನ ಕಾಯಿಲೆ ಬೇರೆ, ಇದು ಬೇರೆ. ಮೂಲ ಕಾರಣ ಹುಡುಕಿ ಸರಿಪಡಿಸಿದರೆ ಬಹಳ ಮಂದಿಯಲ್ಲಿ ಇಳಿದುಹೋಗುತ್ತದೆ. ಆದರೆ ಯಾರಿಗೆ ಬರುತ್ತದೆ, ಬಾರದಂತೆ ತಡೆಯುವುದು ಹೇಗೆ, ಬಂದುಹೋದ ಮೇಲೆ ಒಳಗೆ ಏನು ಉಳಿಯುತ್ತದೆ ಎನ್ನುವುದರಲ್ಲಿ ನಮಗೆ ಗೊತ್ತಿಲ್ಲದ್ದೇ ಹೆಚ್ಚು.

ಗೊತ್ತಿಲ್ಲದ್ದನ್ನೆಲ್ಲ ಒಟ್ಟಿಗೆ ಸಂಶೋಧಿಸಲಾಗುವುದಿಲ್ಲ. ಮೊದಲು ಯಾವ ಪ್ರಶ್ನೆ ಕೈಗೆತ್ತಿಕೊಳ್ಳಬೇಕೆಂದು ಸಂಶೋಧಕರು ತಾವೇ ತೀರ್ಮಾನಿಸುವ ಬದಲು ಮನೆಯವರನ್ನೂ ವಾರ್ಡಿನವರನ್ನೂ ಕೇಳಿ ನೋಡೋಣ ಎಂದು ಒಂದು ಯೋಜನೆ ಶುರುವಾಗಿತ್ತು. ಮೊದಲು ಪ್ರಶ್ನೆಗಳನ್ನು ಕೂಡಿಹಾಕುವುದು. ಒಂದೇ ಬಗೆಯವನ್ನು ಒಂದಾಗಿ ಬೆಸೆಯುವುದು. ಈಗಾಗಲೇ ಉತ್ತರ ಇರುವಂಥವನ್ನು ತೆಗೆದಿಡುವುದು. ಉಳಿದವನ್ನು ಒಂದೊಂದು ಕಾರ್ಡಿನ ಮೇಲೆ ಬರೆದು, ಎಲ್ಲ ಬಗೆಯ ಜನರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವರಿಂದಲೇ ಜೋಡಣೆ ಮಾಡಿಸುವುದು. ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದ ನನ್ನನ್ನು ಈ ತಾಲ್ಲೂಕಿಗೆ ಹಾಕಿದರು. ಜೊತೆಗೆ ಬರಬೇಕಿದ್ದ ಸಹೋದ್ಯೋಗಿಗೆ ನಗರದಲ್ಲೇ ಬೇರೆ ಕೆಲಸ ಸಿಕ್ಕಿತು. ಅವಳ ಜಾಗಕ್ಕೆ ಯಾರೂ ಬರಲಿಲ್ಲ.

ನೇಕಾರರ ಬೀದಿಯೊಂದರಲ್ಲಿ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಹಿಡಿದೆ. ಕೆಳಗೂ ಅಕ್ಕಪಕ್ಕದಲ್ಲೂ ಬೆಳಗಿನಿಂದ ಮಗ್ಗಗಳ ಸದ್ದು. ಮೊದಲ ದಿನ ತಲೆನೋವು ಬಂತು, ಆಮೇಲೆ ಕಿವಿಗೆ ಬೀಳುವುದೇ ನಿಂತಿತು. ಕರೆಂಟ್ ಹೋದಾಗ ಮಾತ್ರ ಇಡೀ ಬೀದಿ ತಟ್ಟನೆ ನಿಶ್ಶಬ್ದವಾಗಿಬಿಡುತ್ತಿತ್ತು. ಹೋಟೆಲಿನಲ್ಲಿ ತಿಂಡಿ ಹೇಳಿದ್ದು ಬಿಟ್ಟರೆ ನಿನ್ನೆಯಿಂದ ಯಾರೊಂದಿಗೂ ಮಾತನಾಡಿಲ್ಲ ಎಂಬುದು ಅಂಥ ಹೊತ್ತಿನಲ್ಲಿ ನೆನಪಾಗುತ್ತಿತ್ತು.

ತೊಡಕು ಇದ್ದದ್ದು ಹೆಸರಿನಲ್ಲಿ. ತಂಡದವರು ಅಚ್ಚು ಹಾಕಿಸಿ ಕೊಟ್ಟ ಹಾಳೆಯಲ್ಲಿ 'ತೀವ್ರ ಚಿತ್ತವೈಕಲ್ಯ' ಎಂದಿತ್ತು. ಹಳ್ಳಿಯವರು ಹೇಳುವ ಹಾಗೆ 'ಸನ್ನಿ' ಎಂದು ಹಾಕಿ ಎಂದು ನಾನು ಮೊದಲೇ ಕೇಳಿದ್ದೆ. ಅದು ಬೈಗುಳದ ಹಾಗೆ ಕೇಳುತ್ತದೆ, ರೋಗಿಗಳಿಗೆ ಅವಮಾನ ಎಂದು ಬಿಟ್ಟರು. ಅವರು ಹೇಳಿದ್ದರಲ್ಲೂ ಅರ್ಥವಿತ್ತು. ಆದರೆ ಚಿತ್ತವೈಕಲ್ಯ ಎಂದರೆ ಜನರಿಗೆ ಕೇಳಿಸುತ್ತಿದ್ದದ್ದು ಹುಚ್ಚು. ರಾಜಘಟ್ಟದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹಾಳೆಯನ್ನು ಪೂರ್ತಿ ಓದಿ, ಮಡಿಸಿ, ನನ್ನ ಕೈಗೇ ವಾಪಸು ಕೊಟ್ಟರು.

"ನಮ್ಮ ವಂಶದಲ್ಲೇ ಇಂಥದ್ದು ಇಲ್ಲಮ್ಮ. ಮದುವೆಗಿರೋ ಮೊಮ್ಮಗಳಿದಾಳೆ ಮನೇಲಿ. ಸ್ವಲ್ಪ ಮೆತ್ತಗೆ ಮಾತಾಡಿ."

ಅವರ ಹೆಂಡತಿ ಸೋಂಕಿನಿಂದ ಆಸ್ಪತ್ರೆ ಸೇರಿ ಮೂರು ದಿನ ತವರುಮನೆಗೆ ಹೋಗಬೇಕೆಂದು ಮಂಚದಿಂದ ಇಳಿಯುತ್ತಿದ್ದರೆಂದು ಆ ವಾರ್ಡಿನವರೇ ನನಗೆ ಹೇಳಿ ಕಳಿಸಿದ್ದರು. ಆಕೆ ನಡುಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನೀರು ಕುಡಿದು ಎದ್ದು ಬಂದೆ.

ಅದೇ ವಾರ ದೊಡ್ಡಬೆಳವಂಗಲದಲ್ಲಿ ಒಬ್ಬ ಸೊಸೆ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಹಾಳೆಯ ಮೊದಲ ಸಾಲು ಓದಿದ್ದಕ್ಕೆ "ನಮ್ಮತ್ತೆಗೆ ಅಂಥದ್ದೇನಿಲ್ಲ ಮೇಡಂ" ಎಂದಳು. ನಾನು ಹಾಳೆಯನ್ನು ಚೀಲಕ್ಕೆ ಹಾಕಿದೆ. ವಾರ್ಡಿನಲ್ಲಿ ರೋಗಿಗಳ ಮನೆಯವರನ್ನು ಹೇಗೆ ಕೇಳುತ್ತಿದ್ದೆನೋ ಹಾಗೆ ಕೇಳಿದೆ: "ಆಸ್ಪತ್ರೇಲಿದ್ದಾಗ ನಿಮ್ಮತ್ತೆ ನಿಮ್ಮತ್ತೆ ಥರ ಇರಲಿಲ್ಲ ಅನ್ನಿಸಿದ್ದು ಇದ್ಯಾ?"

ಅವಳು ಮೊರ ಕೆಳಗಿಟ್ಟಳು.

"ಅಯ್ಯೋ, ಅದನ್ನ ಕೇಳ್ತಿದ್ದೀರಾ! ಹೇಳಬಾರ್ದು ಬಿಡಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವೀಗಾಕೋ ಮಿಷಿನ್ನು ಎಲ್ಲಾ ಬಿಚ್ಚಿ ನನ್ ಕೈಗೆ ಕೊಟ್ಬಿಟ್ರು. ಆಪರೇಷನ್ ಆಗಿ ಎದ್ರೆ ಅತ್ತೆಗೆ ಏನೂ ಕಾಣಲ್ಲ, ಏನೂ ಕೇಳಲ್ಲ. ನನ್ನೇ ಕಳ್ಳಿ ಅಂದ್ರು. ಅದನ್ನ ಬೇಗ ಹಾಕಿದ್ರೆ ಹಂಗಾಗ್ತಿರ್ಲಿಲ್ವೇನೋ ಅಂತ ಇವತ್ತಿಗೂ ಅನ್ನಿಸ್ತದೆ."

ಮನೆಯೊಂದರಿಂದ ನನಗೆ ಸಿಕ್ಕ ಮೊದಲ ಪ್ರಶ್ನೆ ಅದು. ಅಂದಿನಿಂದ ಹಾಳೆ ಹೊರತೆಗೆಯದೆ ಆ ಒಂದು ವಾಕ್ಯದಿಂದಲೇ ಶುರುಮಾಡಿದೆ. ತಂಡಕ್ಕೆ ತಿಳಿಸಿ ಒಪ್ಪಿಗೆಯನ್ನೂ ಪಡೆದೆ. ಪ್ರಶ್ನೆಗಳು ಬರತೊಡಗಿದವು. ರೋಗಿಯ ಕೈಯನ್ನು ಮಂಚಕ್ಕೆ ಕಟ್ಟದೆ ಬೇರೆ ದಾರಿಯೇ ಇಲ್ಲವಾ? ಮನೆಯವರು ಪಕ್ಕದಲ್ಲೇ ಇದ್ದರೆ ತಡೆಯಬಹುದಾ, ಮತ್ತೆ ಯಾಕೆ ಹೊರಗೆ ಕಳಿಸುತ್ತಾರೆ? ಮೂತ್ರದ ಪೈಪು ಎಷ್ಟು ಬೇಗ ತೆಗೆದರೆ ಒಳ್ಳೆಯದು? ನಿದ್ದೆ ಮಾತ್ರೆಯಿಂದ ಹೆಚ್ಚಾಯಿತಾ, ಕಡಿಮೆಯಾಯಿತಾ? ಇದು ಬಂದವರಿಗೆ ಮುಂದೆ ಮರೆವಿನ ಕಾಯಿಲೆ ಬರುತ್ತದಾ? ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುವ ಮಗನೊಬ್ಬ ಊಟದ ಬಿಡುವಿನಲ್ಲಿ ಫೋನ್ ಮಾಡಿ ಕೇಳಿದ: "ಅಪ್ಪ ಸುಮ್ನೆ ಮಲಗಿದ್ರು ಮೇಡಂ, ಗಲಾಟೆ ಇಲ್ಲ, ಏನಿಲ್ಲ. ಸುಧಾರಿಸ್ಕೊತಿದಾರೆ ಅಂದ್ಕೊಂಡ್ವಿ. ಸುಮ್ನಿರೋರನ್ನ ಪತ್ತೆ ಹಚ್ಚೋದ್ ಹೆಂಗೆ?"

ಹೀಗೆ ತಿರುಗುವಾಗಲೇ ಆ ನೇಕಾರ ದಂಪತಿಯ ಮನೆಗೆ ಹೋದದ್ದು. ನನ್ನ ಕೋಣೆಯಿಂದ ಎರಡು ಬೀದಿ ಆಚೆ. ಹೆಸರು ಬರೆಯುವುದಿಲ್ಲ. ಇಷ್ಟನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಮುಂದಿನ ಭಾಗದಲ್ಲಿ ಮಗ ಮಗ್ಗ ಓಡಿಸುತ್ತಿದ್ದ, ಹಿಂದಿನ ಕೋಣೆಯಲ್ಲಿ ತಂದೆ ತಾಯಿ. ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮಾರನೆಯ ದಿನದಿಂದ ಸನ್ನಿ. ಈಗ ಕೋಲು ಹಿಡಿದು ನಡೆಯುತ್ತಿದ್ದರು. ಮಾತೆಲ್ಲ ಹೆಂಡತಿಯದೇ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಆಕೆ ಹೇಳುವುದನ್ನು ಕೇಳುತ್ತಿದ್ದರು.

"ಹೊದಿಕೆ ಚುಂಗು ಹಿಡ್ಕೊಂಡು ಬೆರಳಲ್ಲಿ ಏನೋ ಮಾಡೋರು. ಮಾಡ್ತಾನೇ ಇರೋರು. ಡ್ರಿಪ್ಪಿನ ಸೂಜಿ ಕಿತ್ತಾಕ್ತಾರೆ ಅಂತ ಕೈ ಕಟ್ಟಿದ್ರು. ಒಂದೇ ಸಮ ಕೂಗೋರು. ದೇವ್ರು ದೊಡ್ಡೋನು, ಇವರಿಗೆ ಏನೊಂದೂ ನೆನಪಿಲ್ಲ" ಎಂದು ಆಕೆ ನಕ್ಕು, ಕಾಫಿಗೆ ಒಳಗೆ ಹೋದರು.

ಒಳಗೆ ಸ್ಟವ್ ಹತ್ತಿದ ಸದ್ದಾಯಿತು. ಹಿರಿಯರು ನನ್ನ ಕಡೆ ತಿರುಗದೆಯೇ ಹೇಳಿದರು: "ನಂಗೆಲ್ಲಾ ನೆನಪೈತೆ ತಾಯಿ."

ನಾನು ಪೆನ್ನು ಕೆಳಗಿಟ್ಟೆ.

"ಯಾರಿಗೂ ಹೇಳಿಲ್ಲ" ಎಂದರು. ಹೆಂಡತಿ ಲೋಟ ಹಿಡಿದು ಬಂದಾಗ ಮತ್ತೆ ಮೊದಲಿನಂತೆ ಕೂತಿದ್ದರು.

ಅವರ ಮಾತನ್ನು ನಾನು ಬರೆದುಕೊಳ್ಳುವಂತಿರಲಿಲ್ಲ. ನಮಗೆ ನೈತಿಕ ಸಮಿತಿ ಕೊಟ್ಟಿದ್ದ ಅನುಮತಿ ಮನೆಯವರನ್ನೂ ವೈದ್ಯಕೀಯ ಸಿಬ್ಬಂದಿಯನ್ನೂ ಕೇಳುವುದಕ್ಕೆ ಮಾತ್ರ. ಸನ್ನಿ ಬಂದುಹೋದವರನ್ನೇ ಕೇಳುವಂತಿಲ್ಲ. ತಿಳಿದು ಒಪ್ಪಿಗೆ ಕೊಡುವ ಶಕ್ತಿ ಅವರಿಗೆ ಇದೆಯೋ ಇಲ್ಲವೋ ಎಂಬ ಅನುಮಾನದಿಂದ ಹೊರಗಿಟ್ಟಿದ್ದರು. ಯೋಜನೆ ಬರೆದಾಗ ಅದು ಯಾರಿಗೂ ದೊಡ್ಡ ವಿಷಯವಾಗಿ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ಆ ವಾರ ಪರದೆಯ ಮೇಲೆ ವಿಷಯ ಎತ್ತಿದೆ. ತಂಡದ ಮುಖ್ಯಸ್ಥೆ ಹಿರಿಯ ವೈದ್ಯೆ, ಮಾತು ಕಡಿಮೆ, ಕೆಲಸಗಾರ್ತಿ.

"ಅವರಿಗೇನು ನೆನಪಿರತ್ತೆ ಸಿಸ್ಟರ್? ಮನೆಯವರು ಹೇಳಿದ್ರೆ ಸಾಕಲ್ವಾ? ಈಗ ಅನುಮತಿ ಬದಲಾಯಿಸೋದು ಅಂದ್ರೆ ಕೊನೇ ಸಭೆ ಮುಂದಕ್ಕೆ ಹೋಗತ್ತೆ. ಉಳಿದ ತಾಲ್ಲೂಕಿನವರೆಲ್ಲ ಮುಗಿಸಿದಾರೆ."

"ನೆನಪಿದೆ ಅಂತ ಒಬ್ರು ಹೇಳಿದ್ರು, ಮೇಡಂ."

"ಒಬ್ರು."

"ಕೇಳಿದ್ದೇ ಇಲ್ವಲ್ಲ ನಾವು."

ಹೊಸಕೋಟೆಯ ಕಡೆ ಕೆಲಸ ಮುಗಿಸಿದ್ದ ಸಹೋದ್ಯೋಗಿಯೊಬ್ಬರು ಮೈಕ್ ಆಫ್ ಮಾಡುವುದನ್ನು ಮರೆತು ನಿಟ್ಟುಸಿರು ಬಿಟ್ಟರು. ಎರಡು ದಿನ ಯೋಚಿಸಿದೆ. ಇದ್ದಷ್ಟನ್ನು ಕಳಿಸಿ ಕೈತೊಳೆದುಕೊಂಡರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿದ್ದ ಪ್ರಶ್ನೆಗಳೆಲ್ಲ ಮಂಚದ ಪಕ್ಕ ನಿಂತವರವು. ಮಂಚದ ಮೇಲಿದ್ದವರದು ಒಂದೂ ಇರಲಿಲ್ಲ. ಮುಖ್ಯಸ್ಥೆಗೆ ಫೋನ್ ಮಾಡಿ, ರೋಗಿಗಳನ್ನು ಕೇಳದೆ ಈ ತಾಲ್ಲೂಕಿನ ಪಟ್ಟಿ ಒಪ್ಪಿಸಲು ನನಗೆ ಮನಸ್ಸಿಲ್ಲ, ಬೇಕಾದರೆ ಬೇರೆಯವರಿಂದ ಮುಗಿಸಿ ಎಂದೆ. ಆಕೆ, "ಹಾಗಾದ್ರೆ ಅರ್ಜಿ ನೀವೇ ಬರೀರಿ. ನಾನು ಸಹಿ ಮಾಡ್ತೀನಿ" ಎಂದರು.

ಬರೆದೆ. ಸಮಿತಿಯಿಂದ ಪ್ರಶ್ನೆಗಳು ಬಂದವು. ಒಪ್ಪಿಗೆ ಕೊಡುವ ಸಾಮರ್ಥ್ಯವನ್ನು ಹೇಗೆ ಅಳೆಯುತ್ತೀರಿ? ನೆನಪು ಕೆದಕಿ ಅವರಿಗೆ ಸಂಕಟವಾದರೆ ಯಾರು ನೋಡಿಕೊಳ್ಳುತ್ತಾರೆ? ಮನೆಯವರಿಗೆ ಗೊತ್ತಿಲ್ಲದ್ದನ್ನು ಹೇಳಿದರೆ ಗುಟ್ಟು ಹೇಗೆ ಕಾಪಾಡುತ್ತೀರಿ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಈ ಅಧ್ಯಯನ ಏನೆಂದು ಅವರ ಬಾಯಿಂದಲೇ ಹೇಳಿಸಬೇಕು, ಬೇಡ ಎನ್ನಬಹುದೆಂದು ಅವರಿಗೆ ತಿಳಿದಿದೆಯೇ ನೋಡಬೇಕು, ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ಗಮನ ನಿಲ್ಲುತ್ತದೆಯೇ ಪರೀಕ್ಷಿಸಬೇಕು ಎಂದು ಬರೆದೆ. ಮನಶ್ಶಾಸ್ತ್ರ ಸಲಹೆಗಾರ್ತಿಯೊಬ್ಬರನ್ನು ಕಂಡು, ಯಾರಿಗಾದರೂ ಬೇಕಾದರೆ ಸಮಯ ಕೊಡುತ್ತೇನೆಂದು ಒಪ್ಪಿಸಿದೆ. ಯಾರ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ಸಭೆಗೆ ಒಯ್ಯುವುದಿಲ್ಲ, ಹಲವರದನ್ನು ಬೆಸೆದೇ ಒಯ್ಯುತ್ತೇನೆ ಎಂದು ಮಾತು ಕೊಟ್ಟೆ.

ಉತ್ತರ ಬರುವವರೆಗೆ ಕಾಯುವುದೊಂದೇ ಕೆಲಸ. ಮನೆಗಳಿಗೆ ಹೋಗುವಂತಿಲ್ಲ. ವಾರದ ಸಭೆಯಲ್ಲಿ ನನ್ನಿಂದಾಗಿ ಎಲ್ಲರೂ ನಿಂತಿದ್ದಾರೆಂದು ಯಾರೂ ಹೇಳಲಿಲ್ಲ. ನನ್ನನ್ನು ಏನನ್ನೂ ಕೇಳುವುದನ್ನು ಬಿಟ್ಟರು, ಅಷ್ಟೆ. ಬೆಂಗಳೂರಿಗೆ ಹೋಗಬಹುದಿತ್ತು. ಅಲ್ಲಿಯೂ ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಹೋಟೆಲಿನ ಮೂಲೆಯ ಮೇಜಿನಲ್ಲಿ ಮುದ್ದೆ ಉಂಡು, ಕೋಣೆಗೆ ಬಂದು, ಇದ್ದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದೆ. ಒಂದು ದಿನ ಮಗ್ಗಗಳ ಸದ್ದಿನ ನಡುವೆ ನಾನೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಂಡೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅನುಮತಿ ಬಂತು. ಹಿರಿಯರಿಗೆ ಮಗನ ಮೂಲಕ ಹೇಳಿ ಕಳಿಸಿದೆ. ಹೆಂಡತಿ ದೇವನಹಳ್ಳಿಯ ತಂಗಿಯ ಮನೆಗೆ ನಾಮಕರಣಕ್ಕೆ ಹೋಗುವ ದಿನ ಬರಲು ಅವರೇ ತಿಳಿಸಿದರು. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಎಂದಾಗ ಉಸಿರು ಎಳೆಯದೆ ಹೇಳಿ ಮುಗಿಸಿ, "ಇದನ್ನ ದಿನಾ ಎದ್ದ ತಕ್ಷಣ ಮಾಡ್ತೀನಿ. ವಾರ, ತಿಂಗ್ಳು, ಮಕ್ಳ ಹೆಸ್ರು, ಅಳಿಯಂದ್ರ ಹೆಸ್ರು. ಎಲ್ಲಾ ಸರಿಯಾಗಿ ಬಂದ್ರೆ ಇವತ್ತು ಪರವಾಗಿಲ್ಲ ಅಂತ ಎದ್ದೇಳೋದು" ಎಂದರು.

ಆಮೇಲೆ ಹೇಳಿದರು.

"ಮೇಲೆ ಸೂರಲ್ಲಿ ಹಾಸು ಬಿಗಿದಿತ್ತು ತಾಯಿ, ಮಗ್ಗಕ್ಕೆ ಉದ್ದುದ್ದ ನೂಲು ಬಿಗೀತೀವಲ್ಲ ಹಂಗೆ. ಎಳೆ ಪಟಪಟ ಅಂತ ಕಿತ್ಕೊಂಡು ಮೈಮೇಲೆ ಬೀಳೋದು. ನಾನು ಗಂಟಾಕ್ತಿದ್ದೆ. ಒಂದು ಹಾಕೋದ್ರಲ್ಲಿ ಹತ್ತು ಕಿತ್ಕೊಳೋದು. ಅಷ್ಟ್ರಲ್ಲಿ ಯಾರೋ ಬಂದು ಕೈ ಕಟ್ಬಿಟ್ರು. ಕೈ ಕಟ್ಟಿದ್ರೆ ಸೀರೆ ಗತಿ ಏನು? ಬಿಡ್ರೋ ಬಿಡ್ರೋ ಅಂತ ಕೂಗಿದ್ದು ಅದಕ್ಕೆ. ಯಾರೂ ಏನಾಗೈತೆ ಅಂತ ಕೇಳ್ಲಿಲ್ಲ."

ಎರಡೂ ಕೈಗಳನ್ನು ಕೋಲಿನ ಮೇಲೆ ಇಟ್ಟುಕೊಂಡರು.

"ಆಮೇಲೆ ಇವಳು ಬಂದ್ಲು. ಇವಳಲ್ಲ. ನನ್ ಲೆಕ್ಕದಲ್ಲಿ ಇವಳು ಸತ್ತೋಗಿದ್ಲು. ನಂಗೊಂದು ಮಾತು ಹೇಳ್ದೆ ಮಣ್ಣು ಮಾಡ್ಬಿಟ್ಟಿದ್ರು. ಮಕ ಕೂಡ ತೋರ್ಸಿರ್ಲಿಲ್ಲ. ಇವಳ ಸೀರೆ ಉಟ್ಕೊಂಡು ಬೇರೆ ಯಾವಳೋ ಬಂದು ಗಂಜಿ ಕುಡೀರಿ ಅಂತಾಳೆ. ಬಾಯಲ್ಲಿದ್ದ ಗಂಜೀನ ಅವಳ ಮಕಕ್ಕೆ ಉಗಿದೆ. ಆಡಬಾರದ ಮಾತಾಡ್ದೆ. ಅವಳು ಸೆರಗಲ್ಲಿ ಮಕ ಒರಸ್ಕೊಂಡ್ಲು. ಆಮೇಲೆ ಅದೇ ಸೆರಗಲ್ಲಿ ನನ್ ಬಾಯಿ ಒರಸಿದ್ಲು. ಅದು ಕಣ್ಣಿಗೆ ಕಟ್ಟಿದಂಗೈತೆ. ಆ ನಾಕು ದಿನ ನಾನು ಹೆಂಡ್ತಿ ಸತ್ತೋನು, ತಾಯಿ."

ಇದನ್ನು ಆಕೆಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಇವರಿಗೆ ನೆನಪಿಲ್ಲ, ದೇವ್ರು ದೊಡ್ಡೋನು ಅಂತ ಊರಿಗೆಲ್ಲ ಹೇಳ್ಕೊಂಡು ಸಮಾಧಾನವಾಗವ್ಳೆ. ಅದನ್ ಹೆಂಗೆ ಕಿತ್ಕೊಳ್ಲಿ?"

ಇನ್ನೊಂದು ಸಂಗತಿ ಆಗಲೇ ಹೊರಬಿತ್ತು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗ ಎಷ್ಟು ಕರೆದರೂ ಕಣ್ಣಿನ ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಮನೆಯವರು ಹಟ ಎಂದುಕೊಂಡಿದ್ದರು. ಅವರಿಗಿದ್ದದ್ದು ಭಯ. ಮತ್ತೆ ಆಸ್ಪತ್ರೆ ಮಂಚದ ಮೇಲೆ ಮಲಗಿದರೆ ಮತ್ತೆ ಆ ಗಂಜಿ ಉಗಿದವನೇ ಆಗಿಬಿಡುತ್ತೇನೆ ಎಂಬ ಭಯ. ಕಣ್ಣನ್ನು ಮಾತ್ರ ಮರಗಟ್ಟಿಸುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ, ಕಣ್ಣು ಕಾಣದಿರುವುದೇ ಸನ್ನಿಗೆ ಒಂದು ದಾರಿಯಾಗಬಹುದು ಎಂದು ನಾನು ತಿಳಿಹೇಳಿದೆ.

"ಅವತ್ತೂ ಬರೀ ಸೊಂಟದ ಕೆಳಗೆ ಮರಗಟ್ಟಿಸ್ತೀವಿ ಅಂದಿದ್ರು" ಎಂದರು.

ಕೊನೆಗೆ ನನ್ನ ಪ್ರಶ್ನೆ: ಸಂಶೋಧನೆ ಮಾಡುವವರು ಏನನ್ನು ಕಂಡುಹಿಡಿಯಬೇಕೆಂದು ನಿಮಗೆ ಅನ್ನಿಸುತ್ತದೆ? ಅವರು ಕೋಲಿನ ಹಿಡಿಕೆಯನ್ನು ಸವರಿದರು.

"ಸನ್ನಿ ಹಿಡ್ದಾಗ ಆಡಿದ್ ಮಾತು ಯಾರ್ದು? ನಂದಾ, ಸನ್ನೀದಾ? ಅದನ್ನ ತಿಳ್ಕೊಂಡು ಬಂದು ಹೇಳಿ."

"ಅದು ಕಾಯಿಲೆ. ನೀವಲ್ಲ" ಎಂದೆ.

"ಅದು ನೀವು ಎಲ್ರಿಗೂ ಹೇಳೋ ಮಾತು" ಎಂದರು, ಬೇಸರವಿಲ್ಲದೆ. ಸಲಹೆಗಾರ್ತಿಯನ್ನು ಕಾಣಬಹುದು ಎಂದದ್ದಕ್ಕೆ ಬೇಡ ಎಂದು ತಲೆಯಾಡಿಸಿದರು.

ಕೆಲವು ದಿನಗಳ ಬಳಿಕ ಅವರ ಹೆಂಡತಿ ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ಇವರ್ನೂ ಕೇಳ್ಕೊಂಡೋದ್ರಂತೆ? ಪಾಪ, ನೆನಪಿದ್ರೆ ತಾನೆ ಹೇಳೋಕೆ" ಎಂದರು. ನಾನು "ಮಾತಾಡಿದ್ವಿ ಅಮ್ಮ" ಎಂದಷ್ಟೇ ಹೇಳಿ ಟೊಮ್ಯಾಟೊ ಆರಿಸತೊಡಗಿದೆ. ಗುಟ್ಟು ಕಾಯುವುದು ನರ್ಸ್‌ಗೆ ಹೊಸದಲ್ಲ. ಆದರೆ ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಇನ್ನೊಬ್ಬಳಿಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದೆ. ಇಲ್ಲಿ ಒಪ್ಪಿಸಲು ಯಾರೂ ಇರಲಿಲ್ಲ.

ಬೇರೆ ಹಿರಿಯರನ್ನೂ ಕಂಡೆ. ಕೆಲವರಿಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ. ನೆನಪಿದ್ದವರು ಕಡಿಮೆ ಇರಲಿಲ್ಲ. ದೊಡ್ಡಬೆಳವಂಗಲದ ಆ ಅತ್ತೆಗೆ ವಾರ್ಡು ಬಸ್ಸಾಗಿ ಕಂಡಿತ್ತಂತೆ. ಊರು ಹಿಂದೆ ಹೋಗುತ್ತಿದೆ, ನಿಲ್ಲಿಸಿ ಎಂದರೆ ಕಂಡಕ್ಟರ್ ಬಿಳಿ ಕೋಟು ಹಾಕಿಕೊಂಡು ನಗುತ್ತಾನೆ. "ಸೊಸೇಗೆ ಹೇಳ್ಬೇಡಿ, ಇನ್ನೂ ಹಂಗೇ ಅವ್ರೆ ಅಂದ್ಕೊತಾಳೆ" ಎಂದು ಕೈ ಹಿಡಿದುಕೊಂಡರು. ನೆನಪಿದ್ದವರೆಲ್ಲ ಒಬ್ಬೊಬ್ಬರೇ ಅದನ್ನು ಬಚ್ಚಿಟ್ಟುಕೊಂಡಿದ್ದರು. ಅವರವರ ಮಾತುಗಳನ್ನು ಬೆಸೆದು ನಾನು ಕಾರ್ಡಿನ ಮೇಲೆ ಬರೆದದ್ದು ಹೀಗೆ: 'ಸನ್ನಿ ಇಳಿದ ಮೇಲೆ ಏನೇನಾಯಿತೆಂದು ರೋಗಿಯೂ ಮನೆಯವರೂ ಕೂತು ಮಾತನಾಡಿದರೆ ರೋಗಿಯ ಭಯ, ನಾಚಿಕೆ ಕಡಿಮೆಯಾಗುತ್ತದೆಯೇ?' ಹಿರಿಯರು ಕೇಳಿದ್ದು ಇದನ್ನಲ್ಲ ಎಂದು ಗೊತ್ತಿತ್ತು. ಸಂಶೋಧನೆಯಿಂದ ಮುಟ್ಟಬಹುದಾದಷ್ಟು ಹತ್ತಿರಕ್ಕೆ ತಂದಿದ್ದೆ.

ಸಭೆ ದೊಡ್ಡಬಳ್ಳಾಪುರದ ಸಮುದಾಯ ಭವನವೊಂದರ ಮೇಲಿನ ಕೋಣೆಯಲ್ಲಿ. ಮೇಜಿಗೊಬ್ಬರು ವೈದ್ಯರು, ಒಬ್ಬ ನರ್ಸ್, ಮನೆಯವರು, ಕಾಯಿಲೆ ಅನುಭವಿಸಿದವರು. ಗಂಡ ಹೆಂಡತಿಯನ್ನು ಬೇರೆ ಬೇರೆ ಮೇಜಿಗೆ ಹಾಕಿದ್ದೆ. ಆಕೆ ಒಪ್ಪಲಿಲ್ಲ. "ಇವರಿಗೆ ಅಕ್ಷರ ಕಾಣಲ್ಲ. ಓದಿ ಹೇಳೋರ್ಯಾರು?" ಎಂದು ಕುರ್ಚಿ ಎಳೆದುಕೊಂಡು ಗಂಡನ ಪಕ್ಕದಲ್ಲೇ ಕೂತರು. ಹಾಗಾಗಿ ಆ ಮೇಜನ್ನು ನಾನೇ ನೋಡಿಕೊಂಡೆ.

ಒಂದೊಂದೇ ಕಾರ್ಡನ್ನು ಆಕೆ ಗಂಡನ ಕಿವಿಯ ಹತ್ತಿರ ಬಾಗಿ ಓದಿ ಹೇಳುತ್ತಿದ್ದರು. ಅವರು ಹೂಂ ಎಂದರೆ ಮೇಲಕ್ಕೆ, ಊಹೂಂ ಎಂದರೆ ಕೆಳಕ್ಕೆ. ಮೂತ್ರದ ಪೈಪು, ನಿದ್ದೆ ಮಾತ್ರೆ, ಕನ್ನಡಕ ಎಲ್ಲವೂ ಆದವು. ಆಮೇಲೆ, ಕೂತು ಮಾತನಾಡುವುದರ ಆ ಕಾರ್ಡು ಆಕೆಯ ಕೈಗೆ ಬಂತು. ನಿಧಾನವಾಗಿ ಓದಿ ಹೇಳಿದರು. ಗಂಡ ಹೂಂ ಎನ್ನುವುದಕ್ಕೆ ಕಾಯದೆ ಮೇಜಿನ ತುದಿಗೆ ಸರಿಸಿದರು.

"ಇದು ಬೇಡ ಬಿಡಿ. ನೆನಪಿಲ್ದೋರಿಗೆ ಯಾಕೆ ನೆನಪು ಮಾಡೋದು?"

"ಮೇಲಿಡು" ಎಂದರು ಹಿರಿಯರು.

"ನಿಮಗೇನ್ ಗೊತ್ತು ಸುಮ್ನಿರಿ."

"ಗೊತ್ತು ಕಣೆ. ಗಂಜಿ ಉಗಿದಿದ್ದು ಗೊತ್ತು. ನೀನು ಸೆರಗಲ್ಲಿ ಒರಸ್ಕೊಂಡಿದ್ದು ಗೊತ್ತು."

ಯುವ ವೈದ್ಯರೊಬ್ಬರು ಏನೋ ಹೇಳಲು ಬಾಯಿ ತೆರೆದರು. ನಾನು ಕೈಸನ್ನೆ ಮಾಡಿ ತಡೆದೆ. ಆಕೆಯ ಮುಖ ಕೆಂಪಾಗಿತ್ತು.

"ಎಲ್ರೂ ಇದಾರೆ, ಆಮೇಲೆ ಮಾತಾಡಿ" ಎಂದು ಪಿಸುಗುಟ್ಟಿದರು.

"ನೀನು ಸತ್ತೋಗಿದೀಯ ಅನ್ಕೊಂಡಿದ್ದೆ. ಯಾರೋ ಬೇರೆಯೋಳು ಬಂದವ್ಳೆ ಅಂತ ಉಗಿದೆ. ನಿನಗಲ್ಲ."

ಆಕೆ ಕೈಯನ್ನು ಕಾರ್ಡಿನ ಮೇಲಿಂದ ತೆಗೆಯಲಿಲ್ಲ.

"ಸತ್ತೋಗಿದ್ನಾ?"

"ಹೂಂ."

"ಅದಕ್ಕಾ ಅಳ್ತಿದ್ದಿದ್ದು? ನಾನು ನೋವಿಗೆ ಅನ್ಕೊಂಡಿದ್ನಲ್ರೀ."

ಆಕೆ ಎದ್ದು ಹೊರಗಿನ ಮೊಗಸಾಲೆಗೆ ಹೋದರು. ಹಿರಿಯರು ಆ ಕಡೆ ಮುಖ ತಿರುಗಿಸಿದರು; ಕಂಡದ್ದು ಬೆಳಕು ಮಾತ್ರ ಇರಬೇಕು. ಮಾಡಬಾರದ್ದನ್ನು ಮಾಡಿಬಿಟ್ಟೆನೇನೋ, ಇಬ್ಬರ ನಡುವೆ ಹೇಗೋ ನಡೆದುಕೊಂಡು ಹೋಗುತ್ತಿದ್ದುದನ್ನು ಮೇಜಿನ ಮೇಲೆಳೆದು ಒಡೆದುಬಿಟ್ಟೆನೇನೋ ಎನ್ನಿಸಿತು. ವಿರಾಮ ಎಂದು ಘೋಷಿಸಿದೆ. ನಾನು ಹೊರಗೆ ಹೋಗಲಿಲ್ಲ. ಅಲ್ಲಿ ನನಗೆ ಕೆಲಸವಿರಲಿಲ್ಲ.

ಆಕೆ ಮುಖ ತೊಳೆದುಕೊಂಡು ಬಂದರು. ಕೂರುತ್ತಲೇ ನನ್ನನ್ನು ಗದರಿದರು: "ಊಟಕ್ಕೆ ಎಷ್ಟೊತ್ತ್ ಮಾಡ್ತೀರಾ? ಇವರಿಗೆ ಶುಗರ್ ಐತೆ, ಗೊತ್ತಿಲ್ವಾ?" ಆಮೇಲೆ ತುದಿಯಲ್ಲಿದ್ದ ಕಾರ್ಡನ್ನು ತಾವೇ ಎತ್ತಿಕೊಂಡರು. ಎಲ್ಲಿಡುವುದೆಂದು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕೈ ಕಟ್ಟುವುದಕ್ಕೆ ಬದಲಿ ದಾರಿ ಹುಡುಕಬೇಕೆಂಬ ಕಾರ್ಡು ಎಲ್ಲಕ್ಕಿಂತ ಮೇಲಿತ್ತು.

"ಮೊದ್ಲು ಕೈ ಕಟ್ಟೋದು ನಿಲ್ಲಲಿ" ಎಂದು, ಇದನ್ನು ಅದರ ಕೆಳಗೆ ಇಟ್ಟರು. ನರ್ಸ್ ತಲೆಯಾಡಿಸಿದಳು. ಯುವ ವೈದ್ಯರು ನಿದ್ದೆ ಮಾತ್ರೆಯ ಕಾರ್ಡನ್ನು ಸುಮ್ಮನೆ ಒಂದು ಮೆಟ್ಟಿಲು ಇಳಿಸಿ ಜಾಗ ಮಾಡಿದರು.

ಎಲ್ಲ ಮೇಜುಗಳದನ್ನೂ, ಎಲ್ಲ ತಾಲ್ಲೂಕುಗಳದನ್ನೂ ಸೇರಿಸಿದಾಗ ಆ ಪ್ರಶ್ನೆ ಕೆಳಕ್ಕೆ ಬಂತು. ಆದರೂ ಕೊನೆಯ ಪಟ್ಟಿಯಲ್ಲಿ ಉಳಿಯಿತು. ಮುಖ್ಯಸ್ಥೆ ಫೋನ್ ಮಾಡಿ, "ನೀವು ಹಟ ಹಿಡಿದದ್ದು ಒಳ್ಳೇದಾಯ್ತು ಸಿಸ್ಟರ್" ಎಂದರು. ಆ ಮೇಜಿನ ಕತೆ ಹೇಳಬೇಕೆಂದಿದ್ದೆ. ಅವರಿಗೆ ಇನ್ನೊಂದು ಕರೆ ಬಂತು. ಆಡಿದ ಮಾತು ಯಾರದು ಎಂಬ ಹಿರಿಯರ ಪ್ರಶ್ನೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. 'ಸಂಶೋಧನೆಯ ವ್ಯಾಪ್ತಿಗೆ ಬಾರದವು' ಎಂಬ ಕಟ್ಟಿನಲ್ಲಿ ಹೋಯಿತು. ತಿಳಿದುಕೊಂಡು ಬಂದು ಹೇಳಿ ಎಂದಿದ್ದರು.

ಒಂದು ದಿನ ಅವರ ಹೆಂಡತಿಯ ಫೋನ್ ಬಂತು. ಕಣ್ಣಿನ ಆಪರೇಷನ್ನಿಗೆ ಒಪ್ಪಿದ್ದಾರೆ, ಡಾಕ್ಟರಿಗೆ ಏನೇನು ಹೇಳಬೇಕು ಎಂದು ಕೇಳಿದರು. ಹಿಂದೆ ಸನ್ನಿ ಬಂದಿತ್ತೆಂದು ಮೊದಲೇ ಹೇಳಿ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತೋರಿಸಿ, ನೀರು ಕುಡಿಯುವುದು ತಪ್ಪಿಸಬೇಡಿ, ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡಲಿ, ಒಳಗೆ ಬಿಡದಿದ್ದರೂ ಬಾಗಿಲ ಬಳಿಯೇ ಇರುತ್ತೀರೆಂದು ಅವರಿಗೆ ತಿಳಿದಿರಲಿ ಎಂದೆ. ಆಕೆ ಎಲ್ಲದಕ್ಕೂ ಹೂಂ ಎಂದು, ಕೊನೆಗೆ, "ಅಷ್ಟೇನಾ? ನಾನು ಏನೋ ದೊಡ್ಡ ಔಷಧಿ ಹೇಳ್ತೀರ ಅಂದ್ಕೊಂಡೆ" ಎಂದರು.

ನನ್ನ ಕೆಲಸದ ಅವಧಿ ಮುಗಿಯಿತು. ಕೋಣೆ ಖಾಲಿ ಮಾಡಿ, ಬಸ್ಸಿಗೆ ಹೋಗುವ ಮುನ್ನ, ಕಣ್ಣಿನ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದ ಹಿರಿಯರಿಗೆ ಹೇಳಿ ಹೋಗೋಣವೆಂದು ಅವರ ಬೀದಿಗೆ ತಿರುಗಿದೆ. ಕರೆಂಟ್ ಇರಲಿಲ್ಲ, ಮಗ ಮಗ್ಗದ ಬಳಿ ಇರಲಿಲ್ಲ. ಹಿಂದಿನ ಕೋಣೆಯ ಕಿಟಕಿಯಿಂದ ಮಾತು ಕೇಳುತ್ತಿತ್ತು.

"ಕಣ್ಣು ಬಿಡ್ರೀ. ಡ್ರಾಪ್ಸೆಲ್ಲ ಕೆನ್ನೆ ಮೇಲೆ ಹರೀತೈತೆ."

"ಬಿಟ್ಟಿದೀನಲ್ಲೇ."

"ಬಿಟ್ಟಿದ್ರೆ ಹೇಳಿ ನೋಡೋಣ, ನಾನ್ಯಾರು?"

"ಹೇಳಲ್ಲ ಹೋಗೆ."

ಆಕೆ ನಕ್ಕರು. ಅವರೂ ನಕ್ಕಿರಬೇಕು, ಕೆಮ್ಮಿದ ಹಾಗೆ ಕೇಳಿತು. ಬಾಗಿಲು ತಟ್ಟಲು ಎತ್ತಿದ್ದ ಕೈಯನ್ನು ಇಳಿಸಿದೆ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೆಂಗಳೂರಿನ ಮೆಜೆಸ್ಟಿಕ್ ಬರುವವರೆಗೂ ಯಾರೂ ಮಾತನಾಡಿಸಲಿಲ್ಲ.